ಗಾಡಿ ಯಾಕೆ ನಡುಗುತ್ತದೆ? – ನಾಲ್ಕೂವರೆ ಶತಮಾನದ ಒಂದು ಕಥೆ

"ಉಸ್ತಾದ್, ಎಂಬತ್ತರ ಮ್ಯಾಲ ಹೋದ್ರ ಗಾಡಿ ನಡುಗ್ಲಿಕತ್ತದ. ಏನಾಗ್ಯದ ನೋಡ್ರಿ." ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಈ ಮಾತು ದಿನಾ ಕೇಳಿಬರುತ್ತದೆ. ಉತ್ತರಗಳೂ ತಯಾರಾಗಿಯೇ ಇರುತ್ತವೆ. ಒಬ್ಬರು ಟೈರ್ ಬದಲಿಸಿ ಅನ್ನುತ್ತಾರೆ. ಇನ್ನೊಬ್ಬರು ಕ್ರಾಸ್ ಹೋಗ್ಯದ ಅನ್ನುತ್ತಾರೆ. ಮೂರನೆಯವರು ಗೇರ್ ಬಾಕ್ಸ್ ಇಳಿಸಿಯೇ ನೋಡಬೇಕು ಅನ್ನುತ್ತಾರೆ. ಮೂರೂ ಕೆಲವೊಮ್ಮೆ ನಿಜವೇ. ಆದರೆ ನೋಡದೆ, ಕೇಳದೆ, ಒಂದಾದ ಮೇಲೊಂದು ಸಾಮಾನು ಬದಲಿಸುತ್ತ ಹೋದರೆ ಗಾಡಿಯ ಮಾಲೀಕನ ಗತಿಯೇನು? ಬ್ಯಾಂಕಿನ ಕಂತು ಕಟ್ಟುತ್ತ ಬಾಡಿಗೆ ಓಡಿಸುವವನಿಗೆ ಗಾಡಿ ಎಂಟು ದಿನ ನಿಂತರೆ ಮನೆಯ ಲೆಕ್ಕವೇ ತಪ್ಪುತ್ತದೆ.

ಹಳೆಯ ಜೀಪಿನಲ್ಲಿ ಅನುಮಾನ ಪಡಬೇಕಾದ ಭಾಗಗಳು ಕಡಿಮೆ ಇದ್ದವು. ಇವತ್ತು ನಮ್ಮ ಹಳ್ಳಿಗಳಿಗೂ ಡೀಸೆಲ್ ಎಂಜಿನ್, ಆಟೊಮ್ಯಾಟಿಕ್ ಗೇರು, ನಾಲ್ಕೂ ಚಕ್ರಕ್ಕೆ ಎಳೆತ ಇರುವ ದೊಡ್ಡ ಗಾಡಿಗಳು ಬಂದಿವೆ. ಇಂಥ ಗಾಡಿ ನಡುಗಿದರೆ ಆರೋಪಿಗಳ ಪಟ್ಟಿ ಉದ್ದವಾಗುತ್ತದೆ. ಎಂಜಿನ್ನೋ, ಗೇರ್ ಬಾಕ್ಸೋ, ಉದ್ದನೆಯ ಶಾಫ್ಟೋ, ಮುಂದಿನ ಆಕ್ಸಲ್ಲೋ, ಚಕ್ರವೋ?

ಇತಿಹಾಸ ಪಾಠ ಮಾಡುವವನಿಗೆ ಇದರಲ್ಲೇನು ಕೆಲಸ ಅನ್ನಬೇಡಿ. ಕೆಲಸ ಇದೆ. ಈ ಗಾಡಿಯ ಒಂದೊಂದು ಭಾಗವೂ ಇತಿಹಾಸದ ಒಂದೊಂದು ಕಾಲದಲ್ಲಿ ಹುಟ್ಟಿ ಬಂದದ್ದು. ಬರುವಾಗ ಪ್ರತಿಯೊಂದೂ ತನ್ನದೇ ಆದ ನಡುಕವನ್ನು ತಂದಿತು. ಆ ನಡುಕದ ನಿಯಮವನ್ನು ಯಾರೋ ಒಬ್ಬರು ಕೂತು ಲೆಕ್ಕ ಹಾಕಿ ಕಂಡುಹಿಡಿದರು. ಆ ಇತಿಹಾಸ ಗೊತ್ತಿದ್ದರೆ ಯಾವ ಭಾಗ ಹೇಗೆ ನಡುಗುತ್ತದೆ ಎಂಬುದು ಗೊತ್ತಾಗುತ್ತದೆ, ಹುಡುಕುವ ದಾರಿ ತಾನಾಗಿಯೇ ತೆರೆಯುತ್ತದೆ. ಇದೇ ಈ ಬರಹದ ಮಾತು.

ನಮ್ಮ ನೆಲದಲ್ಲಿ ಮೋಟಾರು

ಮೊದಲು ನಮ್ಮ ಊರಿನಿಂದಲೇ ಶುರು ಮಾಡೋಣ. ನ್ಯಾಲ್ಕಲ್, ಜಹೀರಾಬಾದ್, ನಾರಾಯಣಖೇಡ ಇವೆಲ್ಲ 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲ್ಕಲ್ ಸರ್ಕಲ್, ನಾರಾಯಣಖೇಡ ತಾಲ್ಲೂಕು ಇವು ಮೆದಕ್ ಜಿಲ್ಲೆಗೆ ಸೇರಿ ಆಂಧ್ರಪ್ರದೇಶದ ಪಾಲಾದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಸಂಗಾರೆಡ್ಡಿ ಜಿಲ್ಲೆಯಾಯಿತು. ಗಡಿ ಸರಿದರೂ ಮನೆಮಾತು ಸರಿಯಲಿಲ್ಲ, ಆದ್ದರಿಂದಲೇ ನಮ್ಮ ಕನ್ನಡ ಶಾಲೆಗಳು ಉಳಿದಿವೆ.

ನಿಜಾಮರ ಕಾಲದಲ್ಲಿಯೇ ಈ ಸೀಮೆಗೆ ಮೋಟಾರು ಬಂತು. 1932ರಲ್ಲಿ ನಿಜಾಮರ ರೈಲ್ವೆಯ ಅಂಗವಾಗಿ 27 ಬಸ್ಸುಗಳಿಂದ ಸರ್ಕಾರಿ ರಸ್ತೆ ಸಾರಿಗೆ ಶುರುವಾಯಿತು. 1942ರಲ್ಲಿ ಹೈದರಾಬಾದಿನಲ್ಲಿ ಆಲ್ವಿನ್ ಕಾರ್ಖಾನೆ ಹುಟ್ಟಿತು. ಬಸ್ಸಿನ ಬಾಡಿ, ಫ್ರಿಜ್, ಕೈಗಡಿಯಾರ ಎಲ್ಲವನ್ನೂ ಮಾಡಿದ ಆಲ್ವಿನ್ ಹೆಸರನ್ನು ಹಿರಿಯರು ಮರೆತಿರಲಾರರು.

1945ರಲ್ಲಿ ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಸಹೋದರರು ಮಲಿಕ್ ಗುಲಾಮ್ ಮಹಮ್ಮದ್ ಅವರ ಜೊತೆ ಸೇರಿ ಒಂದು ಕಂಪನಿ ಕಟ್ಟಿದರು. ಹೆಸರು ಮಹೀಂದ್ರಾ ಅಂಡ್ ಮಹಮ್ಮದ್. ಈ ಗುಲಾಮ್ ಮಹಮ್ಮದ್ ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಹಣಕಾಸಿನ ಹೊಣೆ ನೋಡಿಕೊಂಡಿದ್ದವರು! ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. ಇತ್ತ ಕಂಪನಿ 1948ರಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಆಯಿತು, ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು.

1980ರ ದಶಕದಲ್ಲಿ ಜಪಾನಿನ ನಾಲ್ಕು ಕಂಪನಿಗಳು ನಮ್ಮ ದೇಶದ ಕಂಪನಿಗಳ ಜೊತೆಗೂಡಿ ಸಣ್ಣ ಲಾರಿ ಮಾಡಲು ಬಂದವು. ಡಿಸಿಎಂ ಟೊಯೋಟಾ, ಸ್ವರಾಜ್ ಮಾಜ್ದಾ, ಐಷರ್ ಮಿತ್ಸುಬಿಷಿ, ಮತ್ತು ಆಲ್ವಿನ್ ನಿಸಾನ್. ಈ ನಾಲ್ಕನೆಯದರ ಕಾರ್ಖಾನೆ ಎದ್ದದ್ದು ನಮ್ಮ ಜಹೀರಾಬಾದಿನಲ್ಲಿ. ಆ ಹೊತ್ತಿಗೆ ಜಪಾನಿನ ಯೆನ್ ಬೆಲೆ ಏರಿ ಆಮದು ಸಾಮಾನು ದುಬಾರಿಯಾಯಿತು. ದಶಕದ ಕೊನೆಗೆ ಕಾರ್ಖಾನೆ ಮಹೀಂದ್ರಾ ಕೈಗೆ ಬಂತು. 2013ರಲ್ಲಿ ಅಲ್ಲಿ ಟ್ರ್ಯಾಕ್ಟರ್ ಘಟಕ ಶುರುವಾಯಿತು. 2023ರ ಆಗಸ್ಟ್ 15ರಂದು ದಕ್ಷಿಣ ಆಫ್ರಿಕಾದ ಕೇಪ್ ಟೌನಿನಲ್ಲಿ ಲೋಕಕ್ಕೆ ತೋರಿಸಿದ 'ಓಜಾ' ಟ್ರ್ಯಾಕ್ಟರುಗಳು ತಯಾರಾಗುವುದು ಇಲ್ಲಿಯೇ. ಅವು ಡೀಸೆಲ್, ಅವುಗಳ ನಾಲ್ಕೂ ಚಕ್ರಕ್ಕೆ ಎಳೆತ ಉಂಟು. ಅಂದರೆ ನಾಲ್ಕು ಚಕ್ರದ ಎಳೆತ ನಮಗೆ ದೂರದ ವಿಷಯವಲ್ಲ, ನಮ್ಮ ಊರಿನ ಕಸುಬು.

ನಾಲ್ಕೂ ಚಕ್ರ ಎಳೆಯಬೇಕು!

ಮಳೆಗಾಲದಲ್ಲಿ ಎರೆಭೂಮಿಯ ದಾರಿ ಹೇಗಿರುತ್ತದೆ ನಿಮಗೆ ಗೊತ್ತು. ಹಿಂದಿನ ಚಕ್ರ ಎಷ್ಟು ತಿರುಗಿದರೂ ನಿಂತಲ್ಲೇ ಹೂತುಕೊಳ್ಳುತ್ತದೆ. ಮುಂದಿನ ಚಕ್ರಗಳೂ ಎಳೆದರೆ ಗಾಡಿ ಹೊರಗೆ ಬರುತ್ತದೆ. ಈ ವಿಚಾರ ಹೊಸದಲ್ಲ. ಹಾಲೆಂಡಿನ ಸ್ಪೈಕರ್ ಕಂಪನಿ 1903ರಲ್ಲಿಯೇ ನಾಲ್ಕೂ ಚಕ್ರ ಎಳೆಯುವ ಕಾರು ಮಾಡಿತ್ತು. ಆದರೆ ಅದನ್ನು ಲೋಕದ ಮೂಲೆಮೂಲೆಗೆ ಒಯ್ದದ್ದು ಎರಡನೆಯ ಮಹಾಯುದ್ಧ. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ ಒಂದು ಗಾಡಿ ಬೇಕೆಂದು 135 ಕಂಪನಿಗಳಿಗೆ ಕರೆ ಕೊಟ್ಟಿತು, ಮಾದರಿ ತಯಾರಿಸಲು ಕೊಟ್ಟ ಗಡುವು 49 ದಿನ! ಬ್ಯಾಂಟಮ್ ಎಂಬ ಸಣ್ಣ ಕಂಪನಿ ಆ ಗಡುವಿನೊಳಗೆ ಮಾಡಿ ತೋರಿಸಿತು. ಮುಂದೆ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು.

ಜೀಪಿನಲ್ಲಿ ಎಂಜಿನ್ನು, ಗೇರ್ ಬಾಕ್ಸು ಮುಂದೆ. ಗೇರ್ ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ. ಅದರಿಂದ ಒಂದು ಶಾಫ್ಟ್ ಹಿಂದಿನ ಆಕ್ಸಲ್ಲಿಗೆ, ಇನ್ನೊಂದು ಮುಂದಿನ ಆಕ್ಸಲ್ಲಿಗೆ ಹೋಗುತ್ತದೆ. ಇಲ್ಲಿ ಒಂದು ತೊಡಕು ಇದೆ. ಗೇರ್ ಬಾಕ್ಸು ಚಾಸಿಗೆ ಬಿಗಿದಿರುತ್ತದೆ, ಆಕ್ಸಲ್ಲು ಪಾಟಾದ ಮೇಲೆ ಏಳುತ್ತ ಇಳಿಯುತ್ತ ಇರುತ್ತದೆ. ಒಂದು ಮೇಲೆ, ಒಂದು ಕೆಳಗೆ. ಹಾಗಾದರೆ ನೆಟ್ಟಗಿನ ಕಬ್ಬಿಣದ ಶಾಫ್ಟ್ ಅವೆರಡನ್ನೂ ಸೇರಿಸಿ ತಿರುಗುವುದು ಹೇಗೆ? ಈ ಪ್ರಶ್ನೆಯ ಉತ್ತರಕ್ಕೆ 16ನೇ ಶತಮಾನಕ್ಕೆ ಹೋಗಬೇಕು.

ಜೀವಕೋಶದ ಹುಕ್, ಶಾಫ್ಟಿನ ಹುಕ್

ಇಟಲಿಯ ವೈದ್ಯ, ಗಣಿತಜ್ಞ ಜೆರೊಲಾಮೊ ಕಾರ್ಡಾನೊ (1501–1576) ಒಂದರೊಳಗೊಂದು ತೂಗುವ ಬಳೆಗಳ ಬಗ್ಗೆ ಬರೆದಿದ್ದ. ಅಂಥ ಬಳೆಗಳು ಅವನಿಗಿಂತ ಹಳೆಯವು. ಆದರೆ ಹೆಸರು ಅವನಿಗೇ ಅಂಟಿತು, ಇಂದಿಗೂ ಎಷ್ಟೋ ದೇಶಗಳಲ್ಲಿ ಈ ಶಾಫ್ಟಿಗೆ ಕಾರ್ಡಾನ್ ಶಾಫ್ಟ್ ಎನ್ನುತ್ತಾರೆ.

ಅದನ್ನು ತಿರುಗುವ ಜೋಡಣೆಯಾಗಿ ಪರೀಕ್ಷಿಸಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. ಹೌದು, ವಿಜ್ಞಾನದ ಪುಸ್ತಕದಲ್ಲಿ ಬಿರಡೆಯ ತುಂಡಿನಲ್ಲಿ ಜೀವಕೋಶ ಕಂಡ ಅದೇ ಹುಕ್! ಸ್ಪ್ರಿಂಗಿನ ನಿಯಮವೂ ಅವನದೇ. 1670ರ ದಶಕದಲ್ಲಿ ಅವನು ಈ ಜೋಡಣೆಯ ವಿಚಿತ್ರ ಗುಣವೊಂದನ್ನು ಗಮನಿಸಿದ. ಎರಡು ದಂಡಗಳು ಓರೆಯಾಗಿದ್ದಾಗ ಒಂದನ್ನು ಒಂದೇ ಸಮನೆ ತಿರುಗಿಸಿದರೂ ಇನ್ನೊಂದು ಒಂದೇ ಸಮನೆ ತಿರುಗುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಹುಕ್ ಇದನ್ನು ದೋಷ ಎನ್ನಲಿಲ್ಲ. ನೆರಳು ಗಡಿಯಾರದ ಮೇಲೆ ನೆರಳು ಸಾಗುವ ಏರುಪೇರಿಗೆ ಇದು ಹೊಂದುತ್ತದಲ್ಲ ಎಂದು ಖುಷಿಪಟ್ಟ. 1824ರಲ್ಲಿ ಫ್ರಾನ್ಸಿನ ಪೊನ್ಸೆಲೆ ಇದನ್ನು ಗಣಿತದಿಂದ ಸಾಧಿಸಿ ತೋರಿಸಿದ.

ಲೆಕ್ಕ ನೋಡಿ. ಓರೆ 10 ಡಿಗ್ರಿ ಇದ್ದರೆ ವೇಗದ ಏರುಪೇರು ಹೆಚ್ಚುಕಡಿಮೆ ಶೇ. 1.5. 30 ಡಿಗ್ರಿಗೆ ಹೋದರೆ ಅದು ಶೇ. 13ರಿಂದ 15! ಓರೆ ಮೂರು ಪಟ್ಟಾದರೆ ಏರುಪೇರು ಸುಮಾರು ಹತ್ತು ಪಟ್ಟು. ನಂಬಿಕೆ ಬರದಿದ್ದರೆ ನಿಮ್ಮ ಊರಿನ ರೋಟಾವೇಟರ್ ನೋಡಿ. ನೆಲದಲ್ಲಿದ್ದಾಗ ಅದರ ಶಾಫ್ಟ್ ಸುಮ್ಮನೆ ತಿರುಗುತ್ತದೆ. ಹೊಲದ ಬದುವಿನ ಹತ್ತಿರ ಬಂದು ಅದನ್ನು ಎತ್ತಿದ ಕೂಡಲೆ ಕಟಕಟ ಶಬ್ದ ಶುರು. ಓರೆ ಹೆಚ್ಚಾಯಿತು, ಅಷ್ಟೇ. ಅದು 1670ರ ಹುಕ್‌ನ ಪಾಠ, ನಮ್ಮ ಹೊಲದಲ್ಲಿ ದಿನಾ ನಡೆಯುತ್ತದೆ.

ಪರಿಹಾರವೂ ಚಂದವಾಗಿದೆ. ಶಾಫ್ಟಿನ ಎರಡೂ ತುದಿಗೆ ಒಂದೊಂದು ಕ್ರಾಸ್ ಹಾಕಿದರೆ, ಎರಡರ ಓರೆಯೂ ಸಮವಾಗಿದ್ದರೆ, ಎರಡರ ಕವಲುಗಳೂ ಒಂದೇ ನೇರಕ್ಕೆ ಕೂತಿದ್ದರೆ, ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ಅಳಿಸಿಹಾಕುತ್ತದೆ. 1903ರಲ್ಲಿ ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಮೋಟಾರು ಗಾಡಿಗೆ ಒಗ್ಗುವ ಇಂಥ ಜಾಯಿಂಟಿಗೆ ಪೇಟೆಂಟ್ ಪಡೆದ. ಅದಕ್ಕೂ ಮೊದಲು ಎಷ್ಟೋ ಕಾರುಗಳು ಸೈಕಲ್ಲಿನಂತೆ ಚೈನಿನ ಮೇಲೆ ಓಡುತ್ತಿದ್ದವು.

ಈಗ ಪತ್ತೆಯ ಮೊದಲ ಪಾಠ ಬಂತು. ಕ್ರಾಸ್ ಬದಲಿಸುವಾಗ ಶಾಫ್ಟಿನ ಜಾರುವ ಹಲ್ಲಿನ ಭಾಗವನ್ನು ಬಿಚ್ಚಿ, ಮೊದಲಿದ್ದ ಹಲ್ಲಿಗೆ ಕೂಡಿಸದೆ ಬೇರೆ ಹಲ್ಲಿಗೆ ಕೂಡಿಸಿದರೆ ಕವಲುಗಳ ನೇರ ತಪ್ಪುತ್ತದೆ. ಆಗ ಎರಡು ಏರುಪೇರುಗಳು ಒಂದನ್ನೊಂದು ಅಳಿಸುವುದಿಲ್ಲ. ಹೊಸ ಸಾಮಾನು ಹಾಕಿದ ಮೇಲೆ ನಡುಕ ಹೆಚ್ಚಾಯಿತು ಎಂದು ಗೋಳಾಡುವವರ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಬಿಚ್ಚುವ ಮೊದಲು ಸೀಮೆಸುಣ್ಣದಿಂದ ಎರಡೂ ಕಡೆ ಒಂದು ಗೆರೆ ಎಳೆದರೆ ಸಾಕು, ಖರ್ಚು ಏನೂ ಇಲ್ಲ. ಎರಡನೆಯದು, ಚಂದ ಕಾಣಲಿ ಎಂದು ಗಾಡಿಯನ್ನು ಎತ್ತರ ಮಾಡಿಸಿದರೆ ಅಥವಾ ಹಿಂದಿನ ಪಾಟಾ ಕುಸಿದಿದ್ದರೆ ಶಾಫ್ಟಿನ ಓರೆಯೇ ಬದಲಾಗುತ್ತದೆ. ಆಗ ಎಷ್ಟು ಹೊಸ ಕ್ರಾಸ್ ಹಾಕಿದರೂ ನಡುಕ ಹೋಗುವುದಿಲ್ಲ.

ಉದ್ದನೆಯ ದಂಡದ ಹಟ

ತಿರುಗುವ ದಂಡಕ್ಕೆ ಇನ್ನೊಂದು ಗುಣ ಇದೆ. ವೇಗ ಹೆಚ್ಚುತ್ತ ಹೋದಂತೆ ಒಂದು ಹಂತದಲ್ಲಿ ಅದು ಹುಡುಗಿಯರು ಆಡುವ ಹಗ್ಗದಾಟದ ಹಗ್ಗದಂತೆ ನಡುವೆ ಬಾಗಿ ಬೀಸತೊಡಗುತ್ತದೆ. 1869ರಲ್ಲಿ ಸ್ಕಾಟ್ಲೆಂಡಿನ ರ‍್ಯಾಂಕಿನ್ ಎಂಬ ದೊಡ್ಡ ವಿದ್ವಾಂಸ ಈ ವೇಗವನ್ನು ದಾಟುವುದು ಸಾಧ್ಯವೇ ಇಲ್ಲ ಎಂಬ ತೀರ್ಮಾನಕ್ಕೆ ಬಂದ. 1880ರ ದಶಕದಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲವಾಲ್, ಹಾಲಿನಿಂದ ಕೆನೆ ತೆಗೆಯುವ ಯಂತ್ರ ಮಾಡಿದ ಅದೇ ಲವಾಲ್, ತೆಳುವಾದ ದಂಡವನ್ನು ಆ ವೇಗದ ಆಚೆಗೂ ಓಡಿಸಿ ತೋರಿಸಿಬಿಟ್ಟ. ಅದು ಯಾಕೆ ಸಾಧ್ಯವಾಯಿತು ಎಂದು ಜೆಫ್‌ಕಾಟ್ ವಿವರಿಸಿದ್ದು 1919ರಲ್ಲಿ. ದೊಡ್ಡವರ ಲೆಕ್ಕವೂ ಕೈಯಿಂದ ಮಾಡಿ ನೋಡಿದಾಗ ಬದಲಾಗಬಹುದು ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಗಾಡಿಯ ಶಾಫ್ಟನ್ನು ಮಾತ್ರ ಆ ವೇಗ ಮುಟ್ಟದಂತೆ ಮಾಡಿರುತ್ತಾರೆ. ಅದಕ್ಕೇ ಅದು ಗಟ್ಟಿ ಸರಳಲ್ಲ, ಒಳಗೆ ಟೊಳ್ಳಿರುವ ಕೊಳವೆ. ಉದ್ದ ಚಾಸಿಯ ಗಾಡಿಗಳಲ್ಲಿ ಶಾಫ್ಟನ್ನು ಎರಡು ತುಂಡು ಮಾಡಿ ನಡುವೆ ಸೆಂಟರ್ ಬೇರಿಂಗ್ ಕೊಟ್ಟಿರುತ್ತಾರೆ. ಕೊಳವೆಯ ಮೇಲೆ ಸಣ್ಣ ಲೋಹದ ಚೂರು ಅಂಟಿಸಿರುವುದನ್ನು ನೋಡಿರಬಹುದು. ಅದು ತೂಕ ಸಮ ಮಾಡಲು ಹಾಕಿದ್ದು. ಅದು ಉದುರಿದರೆ, ಕೊಳವೆಗೆ ಕಲ್ಲು ಬಡಿದು ತಗ್ಗು ಬಿದ್ದರೆ, ಸೆಂಟರ್ ಬೇರಿಂಗಿನ ರಬ್ಬರ್ ಹರಿದರೆ, ನಡುಕ ಶುರು.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಶಾಫ್ಟಿನ ಮುಂದಿನ ತುದಿಯ ಕ್ರಾಸ್ ಓಡುವಾಗಲೇ ಮುರಿದರೆ ಶಾಫ್ಟ್ ನೆಲಕ್ಕೆ ಬಿದ್ದು ರಸ್ತೆಗೆ ನಾಟಿಕೊಳ್ಳಬಹುದು. ಗಾಡಿ ಪಲ್ಟಿಯಾಗುವ ಅಪಾಯವಿದೆ. ನಡುಕ ಅಂದರೆ ಬರೀ ಕಿರಿಕಿರಿಯಲ್ಲ, ಎಷ್ಟೋ ಸಲ ಅದು ಮುನ್ನೆಚ್ಚರಿಕೆ.

ಡೀಸೆಲ್ಲಿನ ಏಟು

ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದು, 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ನನ್ನು ಓಡಿಸಿ ತೋರಿಸಿದ. ಕಿಡಿ ಇಲ್ಲದೆ, ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ ಎಣ್ಣೆ ಉರಿಸುವ ಎಂಜಿನ್ ಅದು. ಆ ಒತ್ತಡದಿಂದಾಗಿ ಪ್ರತಿ ಉರಿಯೂ ಸುತ್ತಿಗೆಯ ಏಟಿನಂತೆ ಬೀಳುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಏಟು. ಇದಲ್ಲದೆ ಪಿಸ್ಟನ್ನುಗಳ ಓಡಾಟದಿಂದಲೂ ಸುತ್ತಿಗೆ ಎರಡು ಸಲ ಅಲುಗಾಟ ಹುಟ್ಟುತ್ತದೆ. ಇದನ್ನು ಅಡಗಿಸುವ ದಾರಿಯನ್ನು 20ನೇ ಶತಮಾನದ ಆರಂಭದಲ್ಲಿ ತೋರಿಸಿದವನು ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್.

ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗುಗಳು ಈ ಏಟನ್ನು ನುಂಗುತ್ತವೆ. ರಬ್ಬರ್ ಹಳತಾಗಿ ಸೀಳಿದರೆ ಅಥವಾ ಒಂದು ಇಂಜೆಕ್ಟರ್ ಸರಿಯಾಗಿ ಎಣ್ಣೆ ಹೊಡೆಯದಿದ್ದರೆ ಗಾಡಿ ನಿಂತಲ್ಲೇ ನಡುಗುತ್ತದೆ. ಈ ಮಾತು ನೆನಪಿರಲಿ: ಎಂಜಿನ್ನಿನ ನಡುಕಕ್ಕೆ ಗಾಡಿ ಓಡಬೇಕಾಗಿಲ್ಲ.

ಎಣ್ಣೆಯೇ ಕ್ಲಚ್

ಇನ್ನು ಆಟೊಮ್ಯಾಟಿಕ್. ಇದು ರಸ್ತೆಯಲ್ಲಿ ಹುಟ್ಟಲಿಲ್ಲ, ಹಡಗುಕಟ್ಟೆಯಲ್ಲಿ ಹುಟ್ಟಿತು! ಜರ್ಮನಿಯ ಸ್ಟೆಟಿನ್ ಬಂದರಿನ ವಲ್ಕನ್ ಕಾರ್ಖಾನೆಯಲ್ಲಿದ್ದ ಹರ್ಮನ್ ಫೆಟಿಂಗರ್ ವೇಗವಾಗಿ ತಿರುಗುವ ಟರ್ಬೈನನ್ನು ನಿಧಾನ ತಿರುಗಬೇಕಾದ ಹಡಗಿನ ಪಂಖಕ್ಕೆ ಹೊಂದಿಸಲು 1905ರಲ್ಲಿ ಒಂದು ಉಪಾಯ ಮಾಡಿದ. ಎದುರುಬದುರು ಎರಡು ಪಂಖ, ನಡುವೆ ದ್ರವ. ಒಂದು ತಿರುಗಿದರೆ ದ್ರವದ ಹೊಡೆತಕ್ಕೆ ಇನ್ನೊಂದೂ ತಿರುಗುತ್ತದೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ಮಾತ್ರ ಹಚ್ಚಿ ನೋಡಿ, ಅರ್ಥವಾಗುತ್ತದೆ. ಇದೇ ಮುಂದೆ ಟಾರ್ಕ್ ಕನ್ವರ್ಟರ್ ಎಂಬ ಹೆಸರಿನಲ್ಲಿ 1948ರ ಬ್ಯೂಕ್ ಕಾರಿಗೆ ಬಂತು.

ದ್ರವ ಡೀಸೆಲ್ಲಿನ ಏಟನ್ನು ಮೆತ್ತಗೆ ಮಾಡುತ್ತದೆ. ಆದರೆ ಸ್ವಲ್ಪ ಜಾರುತ್ತದೆ, ಎಣ್ಣೆ ಹೆಚ್ಚು ಸುಡುತ್ತದೆ. ಅದಕ್ಕೇ 1949ರಲ್ಲಿ ಪ್ಯಾಕಾರ್ಡ್ ಕಂಪನಿ ಒಳಗೊಂದು ಸಣ್ಣ ಕ್ಲಚ್ ಇಟ್ಟಿತು. ಗಾಡಿ ಒಂದೇ ವೇಗದಲ್ಲಿ ಓಡುವಾಗ ಎರಡೂ ಪಂಖಗಳನ್ನು ಅದು ಬಿಗಿಹಿಡಿಯುತ್ತದೆ. ಇದಕ್ಕೆ ಲಾಕ್ ಅಪ್ ಎನ್ನುತ್ತಾರೆ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಇದು ಎಲ್ಲ ಕಡೆ ಬಂತು.

ನಮ್ಮ ದೇಶದಲ್ಲಿ ಮಹೀಂದ್ರಾ ಸ್ಕಾರ್ಪಿಯೊ 2002ರಲ್ಲಿ ಬಂತು, ಅದರ ಆಟೊಮ್ಯಾಟಿಕ್ ಮಾದರಿ 2008ರಲ್ಲಿ. 2020ರ ಅಕ್ಟೋಬರ್ 2ರಂದು ಬಂದ ಹೊಸ ಥಾರ್‌ನಲ್ಲಿ ಡೀಸೆಲ್, ಆರು ಗೇರಿನ ಆಟೊಮ್ಯಾಟಿಕ್, ನಾಲ್ಕು ಚಕ್ರದ ಎಳೆತ, ಮೂರೂ ಒಟ್ಟಿಗೆ ಸಿಕ್ಕವು. ಕಾರ್ಡಾನೊ, ಹುಕ್, ಲವಾಲ್, ಡೀಸೆಲ್, ಫೆಟಿಂಗರ್ ಎಲ್ಲರೂ ಒಂದೇ ಗಾಡಿಯಲ್ಲಿ ಕೂತು ನಮ್ಮ ಊರಿಗೆ ಬಂದರು ಅನ್ನಿ!

ಈ ಲಾಕ್ ಅಪ್ ಕ್ಲಚ್ಚಿಗೂ ತನ್ನದೇ ನಡುಕ ಇದೆ. ಎಣ್ಣೆ ಹಳತಾದರೆ, ಬೇರೆ ಜಾತಿಯ ಎಣ್ಣೆ ಹಾಕಿದರೆ ಅದು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಕಾಲಿಟ್ಟು ಹೋಗುವಾಗ, ರಸ್ತೆಗೆ ಅಡ್ಡಲಾಗಿ ಹಾಕಿದ ಸಾಲು ಉಬ್ಬುಗಳ ಮೇಲೆ ಹೋದಂತೆ ಒಂದೆರಡು ಕ್ಷಣ ತರತರ ಎಂದು ನಿಲ್ಲುತ್ತದೆ. ಎಷ್ಟೋ ಜನ ಇದನ್ನು ಚಕ್ರದ ದೋಷ ಎಂದು ಟೈರ್ ಬದಲಿಸುತ್ತಾರೆ.

ಹುಡುಕುವ ಕ್ರಮ

ಇಷ್ಟು ಗೊತ್ತಾದ ಮೇಲೆ ಪತ್ತೆ ಮಾಡುವುದು ಅಂದರೆ ಪ್ರಶ್ನೆ ಕೇಳುವುದು, ಅಷ್ಟೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಉಳಿದದ್ದನ್ನು ಹಾಗೆಯೇ ಇಡಬೇಕು. ಓಡಿಸಿ ನೋಡುವುದಿದ್ದರೆ ಖಾಲಿ ರಸ್ತೆ, ನುರಿತ ಚಾಲಕ ಇರಬೇಕು.

1. ಮೊದಲು ತೊಳೆಯಿರಿ. ಎರೆಮಣ್ಣು ರಿಮ್ಮಿನ ಒಳಗೆ ಮೆತ್ತಿ ಒಣಗಿದರೆ ಚಕ್ರದ ತೂಕವೇ ತಪ್ಪುತ್ತದೆ. ಒಂದು ಬಕೆಟ್ ನೀರಿನಲ್ಲಿ ಹೋಗುವ ನಡುಕಕ್ಕೆ ಸಾವಿರಾರು ರೂಪಾಯಿ ಯಾಕೆ? ಟೈರಿನ ಗಾಳಿ, ಉಬ್ಬು, ನಟ್ಟು ಕೂಡ ಆಗಲೇ ನೋಡಿ.

2. ನಿಂತಲ್ಲೇ ಪಾರ್ಕ್‌ನಲ್ಲಿಟ್ಟು ಎಂಜಿನ್ನಿನ ವೇಗ ಮೆಲ್ಲಗೆ ಏರಿಸಿ. ಆಗಲೂ ನಡುಗಿದರೆ ಎಂಜಿನ್, ಇಂಜೆಕ್ಟರ್, ಮೌಂಟಿಂಗ್ ಕಡೆ ನೋಡಿ. ಶಾಫ್ಟ್, ಚಕ್ರ ನಿರಪರಾಧಿಗಳು.

3. ಓಡುವಾಗ ಮಾತ್ರ ನಡುಗಿದರೆ, ನಡುಗುವ ವೇಗದಲ್ಲಿಯೇ ಹೋಗುತ್ತ ಕೈಯಿಂದ ಒಂದು ಗೇರ್ ಇಳಿಸಿ. ಗಾಡಿಯ ವೇಗ ಅದೇ, ಎಂಜಿನ್ನಿನ ವೇಗ ಮಾತ್ರ ಏರಿತು. ನಡುಕ ಹಾಗೆಯೇ ಉಳಿದರೆ ದೋಷ ಗೇರ್ ಬಾಕ್ಸಿನ ಹಿಂದೆ, ಅಂದರೆ ಶಾಫ್ಟ್, ಆಕ್ಸಲ್ ಅಥವಾ ಚಕ್ರದಲ್ಲಿದೆ. ನಡುಕ ಬದಲಾದರೆ ಎಂಜಿನ್ ಅಥವಾ ಗೇರ್ ಬಾಕ್ಸಿನ ಕಡೆ ಹೋಗಿ.

4. ಸ್ಟೇರಿಂಗ್ ನಡುಗುತ್ತದೋ, ಸೀಟು ನಡುಗುತ್ತದೋ? ಸ್ಟೇರಿಂಗ್ ಆದರೆ ಮೊದಲ ಅನುಮಾನ ಮುಂದಿನ ಚಕ್ರಗಳ ಮೇಲೆ. ಸೀಟು, ನೆಲ ಆದರೆ ಶಾಫ್ಟ್ ಮತ್ತು ಹಿಂದಿನ ಚಕ್ರಗಳ ಮೇಲೆ.

5. ಎಳೆಯುವಾಗ ಮಾತ್ರವೋ, ಕಾಲು ತೆಗೆದಾಗಲೂ ಉಂಟೋ? ಎಳೆಯುವಾಗ ಮಾತ್ರವಾದರೆ ಕ್ರಾಸ್, ಶಾಫ್ಟಿನ ಓರೆ, ಮೌಂಟಿಂಗ್ ನೋಡಬೇಕು. ಕಾಲು ತೆಗೆದರೂ ಹಾಗೆಯೇ ಇದ್ದರೆ ಚಕ್ರದ ಅಥವಾ ಶಾಫ್ಟಿನ ತೂಕ.

6. ಹಗುರ ಕಾಲಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ತರತರ ಎಂದರೆ, ಬ್ರೇಕನ್ನು ಸುಮ್ಮನೆ ಮುಟ್ಟಿ. ಆಗ ಲಾಕ್ ಅಪ್ ಬಿಟ್ಟುಕೊಳ್ಳುತ್ತದೆ. ನಡುಕ ಥಟ್ಟನೆ ನಿಂತರೆ ಕಳ್ಳ ಸಿಕ್ಕ ಹಾಗೆ. ಗೇರ್ ಬಾಕ್ಸ್ ಇಳಿಸುವ ಮೊದಲು ಕಂಪನಿ ಹೇಳಿದ ಎಣ್ಣೆ ಹಾಕಿದ್ದಾರೆಯೇ, ಅದು ಎಷ್ಟು ಹಳತು ಎಂದು ನೋಡಬೇಕು.

7. ಮಣ್ಣಿನ ದಾರಿಯಲ್ಲಿ ನೇರವಾಗಿ ಹೋಗುತ್ತ ಎರಡು ಚಕ್ರದ ಎಳೆತ, ನಾಲ್ಕು ಚಕ್ರದ ಎಳೆತ ಎರಡನ್ನೂ ಹೋಲಿಸಿ. ನಾಲ್ಕರಲ್ಲಿ ಮಾತ್ರ ನಡುಗಿದರೆ ಮುಂದಿನ ಶಾಫ್ಟು, ಮುಂದಿನ ಜಾಯಿಂಟುಗಳ ಕಡೆ ಅನುಮಾನ.

8. ಡಾಂಬರು ರಸ್ತೆಯ ತಿರುವಿನಲ್ಲಿ, ನಾಲ್ಕು ಚಕ್ರದ ಎಳೆತದಲ್ಲಿ ಗಾಡಿ ಜಗ್ಗಿ ಜಗ್ಗಿ ಬಂದರೆ ಅದು ಕೆಟ್ಟಿಲ್ಲ! ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು. ಥಾರ್‌ನಂಥ ಗಾಡಿಗಳಲ್ಲಿ ಆಗ ಮುಂದಿನದು ಹಿಂದಿನದು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಮಣ್ಣಿನಲ್ಲಿ ಚಕ್ರ ಜಾರಿ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರುವುದಿಲ್ಲ. ಎರಡು ಟೈರ್ ಹೊಸದು, ಎರಡು ಹಳೆಯದು ಹಾಕಿದಾಗಲೂ ಇದೇ ಗೋಳು. ನಾಲ್ಕು ಚಕ್ರದ ಎಳೆತದ ಟ್ರ್ಯಾಕ್ಟರಿಗೆ ಬೇರೆ ಅಳತೆಯ ಮುಂದಿನ ಟೈರ್ ಹಾಕಿಸುವ ರೈತರೂ ಈ ಮಾತು ನೆನಪಿಡಬೇಕು.

ಕೊನೆಗೆ ಗಾಡಿಯ ಕೆಳಗೆ. ಎಂಜಿನ್ ಬಂದ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಿಂದ ತಿರುಚಿ ನೋಡುವುದು. ಕ್ರಾಸಿನ ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸ್ ಸತ್ತಿದೆ ಎಂದರ್ಥ. ಇದು ತಿಳಿದವರ ಕೆಲಸ. ಮಕ್ಕಳು ಗಾಡಿಯ ಕೆಳಗೆ ಹೋಗಬಾರದು.

ತರಗತಿಗೆ ಒಂದು ಲೆಕ್ಕ

ಕೆಳಗೆ ಹೋಗದ ಮಕ್ಕಳಿಗೆ ಕಾಗದದ ಮೇಲೆ ಕೆಲಸವಿದೆ. ಟೈರಿನ ಸುತ್ತಳತೆ 2.45 ಮೀಟರ್, ಗಾಡಿಯ ವೇಗ ಗಂಟೆಗೆ 80 ಕಿ.ಮೀ. ಎನ್ನಿ. ಅಂದರೆ ಸೆಕೆಂಡಿಗೆ 22.2 ಮೀಟರ್. ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು. ಆಕ್ಸಲ್ಲಿನ ಗೇರ್ ಅನುಪಾತ 4 ಆದರೆ ಶಾಫ್ಟ್ 36 ಸುತ್ತು. ಕ್ರಾಸಿನ ಏರುಪೇರು ಸುತ್ತಿಗೆ ಎರಡು, ಅಂದರೆ 72. ಎಂಜಿನ್ ನಿಮಿಷಕ್ಕೆ 1800 ಸುತ್ತು ಇದ್ದರೆ ಸೆಕೆಂಡಿಗೆ 30, ನಾಲ್ಕು ಸಿಲಿಂಡರಿನ ಏಟು 60.

9, 36, 60, 72. ನಾಲ್ಕು ಸಂಖ್ಯೆ, ನಾಲ್ಕು ಬೇರೆ ಬೇರೆ ಆರೋಪಿಗಳು. ಸೆಕೆಂಡಿಗೆ 9 ಸಲದ ನಡುಕ ಕೈಗೆ ಒಂದೊಂದಾಗಿ ತಾಗುತ್ತದೆ, 72 ಸಲದ್ದು ಜೇನುಹುಳದಂತೆ ಗುಂಯ್ ಎನ್ನುತ್ತದೆ. ದೊಡ್ಡ ವರ್ಕ್‌ಶಾಪಿನ ಯಂತ್ರ ಅಳೆದು ತೋರಿಸುವುದೂ ಇವೇ ಸಂಖ್ಯೆಗಳನ್ನು. ನುರಿತ ಉಸ್ತಾದ್ ಯಂತ್ರವಿಲ್ಲದೆ ಸೀಟಿನಲ್ಲಿ ಕೂತೇ ಹೇಳುವುದೂ ಇದನ್ನೇ. ಅವನು ಅಂದಾಜಿನಲ್ಲಿ ಹೇಳಿದ ಎಂದುಕೊಳ್ಳಬೇಡಿ. ಅವನ ಕಿವಿ, ಕೈ ಭಾಗಾಕಾರ ಮಾಡಿರುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿ ನಮ್ಮ ಹುಡುಗ ಏನ್ ಮಾಡ್ತಾನ್ರಿ ಸರ, ಎಂದು ಪಾಲಕರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಹೊರಗೆ ತೆಲುಗು ಇದೆ, ಉರ್ದು ಇದೆ, ಇಂಗ್ಲಿಷ್ ಇದೆ, ಅವನ್ನೂ ಅವರು ಕಲಿಯಲೇಬೇಕು. ಸಾಮಾನಿನ ಹೆಸರುಗಳು ಇಂಗ್ಲಿಷಿನಲ್ಲಿಯೇ ಇರಲಿ, ಅವು ಎಂಟು ದಿನದಲ್ಲಿ ಬಾಯಿಗೆ ಬರುತ್ತವೆ. ಆದರೆ ಯಾವಾಗ ನಡುಗುತ್ತದೆ, ಯಾವಾಗ ನಡುಗುವುದಿಲ್ಲ, ಏನು ಬದಲಿಸಿದರೆ ಏನಾಯಿತು ಎಂದು ಕ್ರಮವಾಗಿ ಯೋಚಿಸುವುದು ಬರಬೇಕಾದರೆ ಅದನ್ನು ಮನೆಮಾತಿನಲ್ಲಿ ಕಲಿಯುವುದೇ ಸಲೀಸು. ಜಹೀರಾಬಾದಿನ ಕಾರ್ಖಾನೆ ಗೇಟಿನ ಒಳಗಿರಲಿ, ರಸ್ತೆ ಬದಿಯ ಗ್ಯಾರೇಜಿನಲ್ಲಿರಲಿ, ಆ ಯೋಚನೆ ಇದ್ದ ಹುಡುಗನ ಕೈಗೆ ಜನ ನಂಬಿ ಗಾಡಿ ಕೊಡುತ್ತಾರೆ.

ಮುಂದಿನ ವಾರ ಏಳನೇ ತರಗತಿಯವರಿಂದಲೇ ಈ ಲೆಕ್ಕ ಮಾಡಿಸಿ ನೋಡಿ. ಗಾಡಿ ಬೇಡ. ಮನೆಯ ಸೈಕಲ್ಲಿನ ಚಕ್ರದ ಸುತ್ತಳತೆಯನ್ನು ದಾರದಿಂದ ಅಳೆದರೆ ಸಾಕು.